ತೇರಿನ ಅಳತೆಯೂ ಊರಿನ ಕಟ್ಟಡಗಳೂ

ಹಳೆಯ ಊರೊಂದರಲ್ಲಿ ಹೊಸ ಕಟ್ಟಡವನ್ನು ಎತ್ತುವವನು ಯಾರನ್ನು ಕೇಳಬೇಕು, ಯಾವ ಅಳತೆಗೆ ಒಳಪಡಬೇಕು ಎಂಬ ಪ್ರಶ್ನೆಯು ಸಣ್ಣದಾಗಿ ತೋರಿದರೂ ಸಣ್ಣದಲ್ಲ. ತನ್ನ ನಿವೇಶನದಲ್ಲಿ ತಾನು ಕಟ್ಟಿಕೊಳ್ಳುವುದಕ್ಕೆ ಪರರ ಪರಿಶೀಲನೆ ಏತಕ್ಕೆಂದು ಕೆಲವರು ಕೇಳುವರು; ಇಂತಹ ನಿರ್ಬಂಧವು ಪಾಶ್ಚಾತ್ಯರಿಂದ ಬಂದ ಹೊಸ ಕಟ್ಟಳೆಯೆಂದು ಮತ್ತೆ ಕೆಲವರು ಭಾವಿಸಿರುವರು. ಈ ಎರಡು ಅಭಿಪ್ರಾಯಗಳೂ ನಮ್ಮ ಶಾಸ್ತ್ರಕ್ಕಾಗಲಿ ನಮ್ಮ ಊರುಗಳ ರೂಢಿಗಾಗಲಿ ಹೊಂದತಕ್ಕವಲ್ಲ. ನಾಯಕನಹಟ್ಟಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಮೂಲದಿಂದ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತು. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಮುಂದೆ ಅವರೇ ಮೈಸೂರು ಪ್ರಾಚ್ಯಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳೂ ಆದರು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ವಾಸ್ತುಕವೆಂಬ ಪ್ರಕರಣವುಂಟು. ಮನೆ, ಹೊಲ, ತೋಟ, ಕಟ್ಟೆ, ಕೆರೆ ಇವೆಲ್ಲವೂ ಅಲ್ಲಿ ವಾಸ್ತುವೆಂದೇ ಗಣಿತವಾಗಿವೆ. ವಾಸ್ತುವಿನ ವಿವಾದಗಳು ಸಾಮಂತರ ಮಾತಿನಿಂದ ನಿರ್ಣಯವಾಗತಕ್ಕವೆಂದು ಆ ಪ್ರಕರಣದ ಆರಂಭದಲ್ಲಿಯೇ ಹೇಳಿದೆ. ಇಲ್ಲಿ ಸಾಮಂತನೆಂದರೆ ಮಾಂಡಲಿಕ ರಾಜನಲ್ಲ, ನೆರೆಮನೆಯವನು. ಎರಡು ಮನೆಗಳ ನಡುವೆ ಎಷ್ಟು ತೆರಪಿರಬೇಕು, ಮಳೆಯ ನೀರು ಹರಿದುಹೋಗುವ ದಾರಿಯನ್ನು ಹೇಗೆ ಬಿಡಬೇಕು ಎಂಬುದಕ್ಕೆಲ್ಲ ವಿಧಿಗಳಿವೆ. ನೀರಿನ ದಾರಿಯನ್ನು ಕಟ್ಟಿದವನಿಗೆ 12 ಪಣ ದಂಡ. ಆದರೆ ಮನೆಯವರು ತಮ್ಮತಮ್ಮಲ್ಲಿ ಒಪ್ಪಿಕೊಂಡರೆ ಬೇರೆ ರೀತಿಯಲ್ಲಿಯೂ ಕಟ್ಟಿಕೊಳ್ಳಬಹುದೆಂದು ವಿನಾಯಿತಿಯನ್ನೂ ಕೊಟ್ಟಿದೆ. ಅಳತೆಯು ಮೊದಲೇ ಗೊತ್ತಾಗಿರಬೇಕು, ನೋಡತಕ್ಕವರು ನೆರೆಯವರಾಗಿರಬೇಕು, ಒಪ್ಪಿಗೆಗೆ ಎಡೆಯಿರಬೇಕು: ಈ ಮೂರು ತತ್ತ್ವಗಳನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಬೇಡುತ್ತೇನೆ.

ಇನ್ನು ನಮ್ಮ ಊರಿನ ರೂಢಿ. ಹೆಸರೇ ಸಾರುವಂತೆ ಇದು ನಾಯಕರ ಹಟ್ಟಿ. ದನಕರುಗಳನ್ನು ನಂಬಿದ ಜನರ ನೆಲೆಯಾಗಿ, ಪಾಳೆಯಗಾರರ ಸ್ಥಳವಾಗಿ, ಕಡೆಗೆ ತಿಪ್ಪೇರುದ್ರಸ್ವಾಮಿಯ ಕ್ಷೇತ್ರವಾಗಿ ಬೆಳೆದ ಊರು. ಒಳಮಠವು ಊರೊಳಗೆ, ಹೊರಮಠವು ಊರಾಚೆ ಕೆರೆಯ ಬಳಿಯಲ್ಲಿ. ಸ್ವಾಮಿಯು ಇಲ್ಲಿಗೆ ಬಂದಾಗ ಮಾರಮ್ಮನ ಗುಡಿಯಲ್ಲಿ ತನ್ನ ಜೋಳಿಗೆ ಬೆತ್ತಗಳನ್ನಿಡುವಷ್ಟು ಸ್ಥಳವನ್ನು ಬೇಡಿದನೆಂದೂ, ದೇವಿಯು ಎಡೆಗೊಟ್ಟಳೆಂದೂ, ಅದೇ ಒಳಮಠವಾಯಿತೆಂದೂ ಜನರ ಹೇಳಿಕೆ. ಇದು ಐತಿಹ್ಯವೇ ಹೊರತು ಶಾಸನವಲ್ಲ. ಆದರೂ ನಮ್ಮ ಪೂರ್ವಿಕರು ಹಳೆಯ ಗುಡಿಯನ್ನು ಕೆಡವಿ ಹೊಸದನ್ನು ಕಟ್ಟಿದ ಕಥೆಯನ್ನು ಹೇಳಲಿಲ್ಲ, ಹಳೆಯದರೊಳಗೆ ಹೊಸದು ಎಡೆಯನ್ನು ಕೇಳಿ ಪಡೆದ ಕಥೆಯನ್ನು ಹೇಳಿದರೆಂಬುದು ಗಮನಾರ್ಹವಾಗಿದೆ.

ಪ್ರತಿವರ್ಷ ಫಾಲ್ಗುಣಮಾಸದಲ್ಲಿ ಸ್ವಾಮಿಯ ದೊಡ್ಡ ರಥವು ತೇರುಬೀದಿಯಲ್ಲಿ ಸಾಗುವುದು. ಲಕ್ಷಾಂತರ ಜನರಿಗೆ ಅದು ದರ್ಶನ. ಊರಿನ ಕಟ್ಟಡಗಳಿಗಾದರೋ ಅದು ಪರೀಕ್ಷೆ. ತೇರುಳ್ಳ ಊರಿನಲ್ಲಿ ಬೀದಿಯ ಅಗಲವನ್ನು ಗೊತ್ತುಮಾಡುವುದು ಯಾವ ಕಾಗದವೂ ಅಲ್ಲ, ತೇರಿನ ಅಚ್ಚು ಮತ್ತು ಅದನ್ನೆಳೆಯುವ ಜನರ ಸಾಲು. ಜಗಲಿಯನ್ನು ಒಂದು ಮೊಳ ಮುಂದಕ್ಕೆ ಚಾಚಿದವನು, ಸೂರನ್ನು ಬೀದಿಗೆ ಇಳಿಬಿಟ್ಟವನು ವರ್ಷ ತುಂಬುವುದರೊಳಗೆ ಊರೆಲ್ಲರ ಎದುರಿಗೆ ಉತ್ತರ ಹೇಳಬೇಕಾಗುವುದು. ಈ ಅಳತೆಗೆ ಲಂಚವಿಲ್ಲ, ದಾಕ್ಷಿಣ್ಯವಿಲ್ಲ. ಅದು ಎಲ್ಲರಿಗೂ ತಿಳಿದದ್ದು, ಎಲ್ಲರೂ ಒಪ್ಪಿದ್ದು, ವರ್ಷಕ್ಕೊಮ್ಮೆ ತಪ್ಪದೆ ನಡೆಯುವುದು.

ಎರಡನೆಯ ಅಳತೆ ನೀರಿನದು. ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಚಳ್ಳಕೆರೆಯ ಸೀಮೆಯೂ ಒಂದು. ಸ್ವಾಮಿಯು ಐದು ಕೆರೆಗಳನ್ನು ಕಟ್ಟಿಸಿದನೆಂದು ಪ್ರತೀತಿಯಿರುವುದು ಇಂತಹ ನೆಲದಲ್ಲಿ ಸಹಜವೇ ಸರಿ. ಕೆರೆಗೆ ನೀರು ತರುವ ಹಳ್ಳದ ಮೇಲೆ, ಕೋಡಿಯ ಕೆಳಗೆ, ಏರಿಯ ಬುಡದಲ್ಲಿ ಮನೆ ಕಟ್ಟಬಾರದೆಂಬುದಕ್ಕೆ ಇಲ್ಲಿ ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ.

ಮೂರನೆಯದು ಕಟ್ಟುವ ಬಗೆ. ಕಲ್ಲಿನ ಗೋಡೆ, ಮರದ ಕಂಬ, ತೊಲೆ ಜಂತೆಗಳ ಮೇಲೆ ಕರಲು ಮಣ್ಣಿನ ಮಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ: ಬಿಸಿಲನ್ನು ತಡೆಯುವುದಕ್ಕೆ ಇದಕ್ಕಿಂತ ತಕ್ಕ ಮನೆಯನ್ನು ಈ ಸೀಮೆಯು ಕಂಡಿರಲಿಲ್ಲ. ಬಗೆಯನ್ನು ಕಾಯುವುದೇ ಕಟ್ಟಡವನ್ನು ಕಾಯುವುದೆಂಬುದಕ್ಕೆ ಇದೇ ತಾಲ್ಲೂಕಿನ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯು ವಿಶಿಷ್ಟ ನಿದರ್ಶನ. ಅಲ್ಲಿ ದೇವರ ಗುಡಿಯನ್ನು ಬಾರೆ ಮುಳ್ಳಿನಿಂದ ಜಾತ್ರೆಗೆಂದೇ ಹೊಸದಾಗಿ ಕಟ್ಟುವರು. ಮುಳ್ಳು ಹೊಸದು, ಗುಡಿ ಮಾತ್ರ ಹಳೆಯದು. ಏಕೆಂದರೆ ಕಟ್ಟುವ ಕ್ರಮವು ಹಳೆಯದು, ಆ ಕ್ರಮವನ್ನು ಬಲ್ಲ ಜನರು ಅದನ್ನು ಕಾದಿರುವರು.

ಈ ರೂಢಿಗಳ ಜೊತೆಗೆ ಸರಕಾರದ ಶಾಸನಗಳು ಹೇಗೆ ಬಂದುವೆಂಬುದನ್ನು ಸಂಕ್ಷೇಪವಾಗಿ ನೋಡೋಣ. ಬಿ. ಎಲ್. ರೈಸರು 1892ರಲ್ಲಿ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಬ್ರಿಟಿಷ್ ಇಂಡಿಯಾದಲ್ಲಿ 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆಯಾಯಿತು. ಮೈಸೂರು ಸಂಸ್ಥಾನವು 1925ರಲ್ಲಿ ತನ್ನದೇ ರೆಗ್ಯುಲೇಷನ್ನನ್ನು ಹೊರಡಿಸಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯಿದೆಯೂ 1961ರಲ್ಲಿ ನಮ್ಮ ರಾಜ್ಯದ ಕಾಯಿದೆಯೂ ಬಂದುವು. ಸ್ಮಾರಕವನ್ನು ಮಾತ್ರ ಕಾದರೆ ಸಾಲದು, ಅದರ ನೆರೆಯನ್ನೂ ನೋಡಬೇಕೆಂದು 1992ರ ಜೂನ್ 16ರ ಪ್ರಕಟಣೆಯು ಹೇಳಿತು. 2010ರ ತಿದ್ದುಪಡಿಯು ಅದನ್ನೇ ಕಾಯಿದೆಯೊಳಗೆ ಸೇರಿಸಿತು. ಇದರಂತೆ ಕೇಂದ್ರರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ. ಅದರಾಚೆ 200 ಮೀಟರು ನಿಯಂತ್ರಿತ. ಮೊದಲನೆಯದರಲ್ಲಿ ಹೊಸ ಕಟ್ಟಡವೇ ಕೂಡದು, ಹಳೆಯದರ ದುರಸ್ತಿಗೂ ಅಪ್ಪಣೆ ಬೇಕು. ಎರಡನೆಯದರಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಪರಿಶೀಲನೆಯಾದ ಬಳಿಕವೇ ಕಟ್ಟಬೇಕು. ಒಂದೊಂದು ಸ್ಮಾರಕಕ್ಕೂ ಅದರದರ ಸ್ವರೂಪಕ್ಕೆ ತಕ್ಕ ಉಪವಿಧಿಗಳನ್ನು ರಚಿಸಬೇಕೆಂದೂ ಆ ತಿದ್ದುಪಡಿಯಲ್ಲಿದೆ.

ಈ ಕಾಯಿದೆಯಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನಾದಾನು. ಆದರೆ ಅದರ ಮಿತಿಯನ್ನೂ ಕಾಣಬೇಕು. ಬ್ರಹ್ಮಗಿರಿಯ ಬಂಡೆಯ ಸುತ್ತ ದಾರವನ್ನು ಹಿಡಿದು 100 ಮೀಟರು ಅಳೆದರೆ ಅಲ್ಲಿ ದೊರೆಯುವುದು ಹೆಚ್ಚಾಗಿ ಕಲ್ಲು ಮತ್ತು ಕುರುಚಲು ಗಿಡ. ಚಿತ್ರದುರ್ಗದ ಕೋಟೆಯ ಬುಡದಲ್ಲಿ ಅದೇ ದಾರವನ್ನು ಹಿಡಿದರೆ ದೊರೆಯುವುದು ತಲೆತಲಾಂತರದಿಂದ ಬಾಳಿದ ಸಂಸಾರಗಳು. ಮಗನಿಗೆ ಮದುವೆಯಾಯಿತೆಂದು ಒಂದು ಕೋಣೆಯನ್ನು ಹಾಕಿಕೊಳ್ಳಬೇಕೆಂಬ ಗೃಹಸ್ಥನಿಗೆ ಆ ದಾರವು ಕೊರಳಿನ ಕುಣಿಕೆಯಂತೆ ತೋರಿದರೆ ಅವನನ್ನು ಹಳಿಯುವಂತಿಲ್ಲ. ದೂರವೆಂಬ ಅಳತೆಗೆ ಕಣ್ಣಿಲ್ಲ: 90 ಮೀಟರಿನಲ್ಲಿ ಕಾಣದಂತೆ ಅಡಗಿರುವ ಸಣ್ಣ ಕೋಣೆಯೂ ಅದಕ್ಕೆ ಅಪರಾಧ; 310 ಮೀಟರಿನಲ್ಲಿ ಬೆಟ್ಟವನ್ನೇ ಮರೆಮಾಡುವ ಐದಂತಸ್ತಿನ ಕಟ್ಟಡವೂ ಅದಕ್ಕೆ ನಿರಪರಾಧಿ.

ಎರಡನೆಯ ಮಿತಿ ಇನ್ನೂ ದೊಡ್ಡದು. ಕೇಂದ್ರದ ಪಟ್ಟಿಯಲ್ಲಿ ದೇಶಕ್ಕೆಲ್ಲ ಇರುವ ಸ್ಮಾರಕಗಳು 3,600ರ ಮೇಲೆ ಸ್ವಲ್ಪ ಮಾತ್ರ. ಊರೂರಿನ ಮಾಳಿಗೆ ಮನೆ, ಚಾವಡಿ, ಬಾವಿ, ಅರಳಿಕಟ್ಟೆ, ವೀರಗಲ್ಲುಗಳು ಆ ಪಟ್ಟಿಯಲ್ಲಿ ಸೇರುವುದು ಸಾಧ್ಯವೇ ಇಲ್ಲ. ಇವನ್ನು ಕೆಡವುವಾಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅರಸರ ಕೋಟೆಗೆ ಕಾವಲುಂಟು, ಕೋಟೆಯನ್ನು ಕಟ್ಟಿದವರ ಮನೆಗಳಿಗಿಲ್ಲವೆಂದರೆ ಚರಿತ್ರೆಯ ಅರ್ಧವನ್ನೇ ಕಾಯ್ದಂತಾಗುವುದು.

ಪರದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡುವು? ಅಮೆರಿಕದ ಚಾರ್ಲ್‌ಸ್ಟನ್ ಎಂಬ ಪಟ್ಟಣವು 1931ರಲ್ಲಿ ತನ್ನ ಹಳೆಯ ಕೇರಿಯನ್ನು ಒಟ್ಟಾಗಿ ಗುರುತಿಸಿ, ಅಲ್ಲಿ ಬೀದಿಗೆ ಕಾಣುವಂತೆ ಮಾಡುವ ಬದಲಾವಣೆಗಳನ್ನು ಪರಿಶೀಲಿಸುವುದಕ್ಕೆ ಊರಿನದೇ ಒಂದು ಮಂಡಲಿಯನ್ನು ನೇಮಿಸಿತು. ಫ್ರಾನ್ಸಿನವರು 1943ರಲ್ಲಿ ಸ್ಮಾರಕದ ಸುತ್ತ 500 ಮೀಟರಿನ ಮೇರೆಯನ್ನು ಹಾಕಿದರು. ಆದರೆ ಹೊಸ ಕಟ್ಟಡವು ಸ್ಮಾರಕದಿಂದ ಕಾಣುವುದೋ, ಸ್ಮಾರಕದೊಡನೆ ಒಂದೇ ನೋಟಕ್ಕೆ ಬೀಳುವುದೋ ಎಂಬುದನ್ನೂ ವಿಚಾರಿಸಿದರು. ಎಂದರೆ ದಾರಕ್ಕೆ ಕಣ್ಣನ್ನು ಸೇರಿಸಿದರು. ನಮ್ಮ ದೇಶದಲ್ಲಿಯೇ ಮುಂಬಯಿಯು 1995ರಲ್ಲಿ ನೂರಾರು ಕಟ್ಟಡಗಳನ್ನು ತರಗತಿಗಳಾಗಿ ವಿಂಗಡಿಸದೆ ಬಿಡಲಿಲ್ಲ. ದೊಡ್ಡ ಸ್ಮಾರಕಕ್ಕೆ ಬಿಗಿ, ಸಾಮಾನ್ಯ ಮನೆಗೆ ಸಡಿಲ ಎಂಬ ತಾರತಮ್ಯವನ್ನು ಕಂಡುಕೊಂಡಿತು.

ಪರಿಶೀಲನೆಯೊಂದೇ ಸಾಕೆಂದು ನಂಬುವಂತೆಯೂ ಇಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ತೀರಿಕೊಂಡರು. ಪಾರಂಪರಿಕವೆಂಬ ಹೆಸರು ಸೋರುವ ಛಾವಣಿಗೆ ಆಸರೆಯಾಗದು. ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿದ್ದಿತು. ಅದೇ ರೀತಿ ಜೀರ್ಣೋದ್ಧಾರವೆಂಬ ಪವಿತ್ರ ಶಬ್ದಕ್ಕೆ ಇತ್ತೀಚೆಗೆ ಒದಗಿರುವ ದುರ್ಗತಿಯನ್ನೂ ಹೇಳಬೇಕು. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಅದರ ಅರ್ಥ. ಜೀರ್ಣವಾದುದನ್ನು ಎತ್ತಿ ಎಸೆಯುವುದಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯ ಛಾವಣಿಯಲ್ಲಿ ಪುರಾಣಕಥೆಗಳ ವರ್ಣಚಿತ್ರಗಳಿವೆ. ಅಂತಹ ಚಿತ್ರದ ಮೇಲೆ ಭಕ್ತಿಯಿಂದಲೇ ಒಂದು ಬಾರಿ ಎಣ್ಣೆಬಣ್ಣ ಬಳಿದರೂ ಅದು ಮರಳಿ ಬಾರದು. ಇದಕ್ಕೆ ಪ್ರತಿಯಾಗಿ, 1991ರಲ್ಲಿ ಆರಂಭವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು, ಸರಕಾರ ಮತ್ತು ಊರವರು ಪಾಲುಗೂಡಿ ರಾಜ್ಯದ ಅನೇಕ ಹಳೆಯ ಗುಡಿಗಳನ್ನು ಅವುಗಳ ಕಲ್ಲಿನಿಂದಲೇ ಮತ್ತೆ ನಿಲ್ಲಿಸಿರುವುದು ಅನುಕರಣೀಯವಾದ ಮಾದರಿ.

ಹಾಗಾದರೆ ನಾಯಕನಹಟ್ಟಿಯಂತಹ ಊರು ಏನು ಮಾಡಬೇಕು? ಅಧಿಕಾರವಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳನ್ನು ಎಣಿಸಿದೆ. ಅವುಗಳಲ್ಲಿ ಕಟ್ಟಡಗಳ ನಿರ್ಮಾಣದ ನಿಯಂತ್ರಣವೂ ಒಂದು. ಸಾಂಸ್ಕೃತಿಕ ಮತ್ತು ಸೌಂದರ್ಯದ ಅಂಶಗಳನ್ನು ಬೆಳೆಸುವುದೂ ಒಂದು. ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದರೆ ನಾವು ಬಯಸುವ ಪರಿಶೀಲನೆ ಅಲ್ಲಿಯೇ ದೊರೆಯುವುದು. ನಮ್ಮ ಊರಿಗೆ ಇಂದು ಪಟ್ಟಣ ಪಂಚಾಯತಿಯುಂಟು. ಮನೆ ಕಟ್ಟುವ ಪರವಾನಗಿಯ ಅರ್ಜಿ ಅಲ್ಲಿಗೇ ಹೋಗಬೇಕು.

ಮೊದಲ ಕೆಲಸ ಪಟ್ಟಿ. ತೇರುಬೀದಿ, ಎರಡು ಮಠಗಳ ಆವರಣ, ಕೆರೆಗಳ ದಂಡೆ, ಹಳೆಯ ಕೇರಿಗಳು, ಇಲ್ಲಿನ ಒಂದೊಂದು ಕಟ್ಟಡದ ಅಳತೆ, ಚಿತ್ರ, ಕಟ್ಟಿದ ಬಗೆ, ಮನೆತನದವರ ನೆನಪು ಇವುಗಳನ್ನು ಬರೆದಿಡಬೇಕು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಶಾಲೆಯ ಮಕ್ಕಳೂ ಸಾಹಿತ್ಯಾಭಿಮಾನಿಗಳೂ ಕೂಡಿ ಮಾಡಬಹುದಾದ ಕೆಲಸ. ಎರಡನೆಯದಾಗಿ, ಪಟ್ಟಿಯಲ್ಲಿರುವ ಸ್ಥಳದಲ್ಲಿ ಕೆಡವುವ ಅಥವಾ ಕಟ್ಟುವ ಅರ್ಜಿ ಬಂದಾಗ ನೆರೆಯವರಿಬ್ಬರು, ಬಲ್ಲ ಮೇಸ್ತ್ರಿಯೊಬ್ಬರು, ಚರಿತ್ರೆಯನ್ನು ತಿಳಿದವರೊಬ್ಬರು ಸ್ಥಳಕ್ಕೇ ಹೋಗಿ ನೋಡಿ, ಗೊತ್ತಾದ ದಿನಗಳೊಳಗೆ, ಕಾರಣವನ್ನು ಬರೆದು ಅಭಿಪ್ರಾಯ ಕೊಡಬೇಕು. ಬೇಡವೆಂದು ಹೇಳುವುದಕ್ಕೆ ಮುಂಚೆ ಹೇಗೆ ಮಾಡಿದರೆ ಆದೀತೆಂಬುದನ್ನು ಹೇಳಬೇಕು: ಬೀದಿಯ ಮುಖವನ್ನು ಉಳಿಸಿ ಹಿಂದುಗಡೆ ಕೋಣೆ ಹಾಕಬಹುದು, ಕಂಬ ಬಾಗಿಲುಗಳನ್ನು ಹೊಸ ಮನೆಯಲ್ಲಿ ಸೇರಿಸಬಹುದು. ಗೋಡೆ ಬಿದ್ದ ಮೇಲೆ ಸಭೆ ಸೇರುವುದು ಶ್ರಾದ್ಧವೇ ಹೊರತು ಚಿಕಿತ್ಸೆಯಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪವುಂಟು. ಬಡವನು ತನ್ನ ಸೋರುವ ಮಾಳಿಗೆಯನ್ನು ಊರಿನ ಅಂದಕ್ಕಾಗಿ ಏಕೆ ಹೊತ್ತುಕೊಂಡಿರಬೇಕು? ಹೊತ್ತುಕೊಂಡಿರಬೇಕೆಂದು ಬರಿಯ ಮಾತಿನಲ್ಲಿ ವಿಧಿಸುವುದು ಅಧರ್ಮ. ಇದಕ್ಕೆ ಉತ್ತರವನ್ನು ನಮ್ಮ ಸ್ವಾಮಿಯೇ ಹೇಳಿರುವನು. ದುಡಿದವನಿಗೆ ದುಡಿದಷ್ಟು ಸಲ್ಲಲೆಂಬ ಅವನ ನುಡಿ ಈ ಸೀಮೆಯ ಕೂಸಿಗೂ ಬಾಯಿಪಾಠ. ಹಳೆಯ ಗೋಡೆಯನ್ನು ಎಲ್ಲರಿಗಾಗಿ ಕಾಯುವವನೂ ದುಡಿಯುವವನೇ. ಅವನಿಗೆ ಕಂದಾಯದಲ್ಲಿ ರಿಯಾಯಿತಿ, ದುರಸ್ತಿಗೆ ಮರ ಮಣ್ಣುಗಳ ನೆರವು, ಬಲ್ಲ ಕುಶಲಿಗಳ ಸಲಹೆ ಊರಿನ ವೆಚ್ಚದಿಂದ ಸಲ್ಲತಕ್ಕದ್ದು. ಕೊಡುವುದಕ್ಕೆ ಸಿದ್ಧವಿಲ್ಲದ ಊರಿಗೆ ತಡೆಯುವ ಹಕ್ಕೂ ಇಲ್ಲ.

ತೇರು ಇಂದಿಗೂ ಬೀದಿಯ ಅಗಲವನ್ನು ಕಾಯುತ್ತಿದೆ. ಆದರೆ ಬೀದಿಯ ಎತ್ತರವನ್ನಾಗಲಿ, ಮುಖವನ್ನಾಗಲಿ, ಹಿಂದಿರುವ ಕೇರಿಯನ್ನಾಗಲಿ ತೇರು ಕಾಯಲಾರದು. ಆ ಭಾಗವು ನೆರೆಹೊರೆಯವರಾದ ನಮ್ಮ ಪಾಲಿಗೆ ಬಂದಿದೆ. ಇನ್ನೊಂದು ತಲೆಮಾರು ಕಳೆದರೆ ಮಾಳಿಗೆಯನ್ನು ಹಾಕಬಲ್ಲ ಕೈಗಳೂ, ಯಾವ ಮನೆ ಯಾರದೆಂದು ಹೇಳಬಲ್ಲ ನಾಲಗೆಗಳೂ ಇರುವುದಿಲ್ಲ. ಆದುದರಿಂದ ಪಂಚಾಯತಿಯ ಸದಸ್ಯರೂ, ಮಠದ ಆಡಳಿತವರ್ಗದವರೂ, ವಿದ್ಯಾವಂತ ಗೃಹಸ್ಥರೂ ಮುಂದಿನ ಫಾಲ್ಗುಣದ ರಥೋತ್ಸವಕ್ಕೆ ಮುಂಚೆಯೇ ಆ ಪಟ್ಟಿಯ ಮೊದಲ ಪುಟವನ್ನು ಬರೆಯುವಂತಾಗಲೆಂದು ಹಾರೈಸುತ್ತೇನೆ.