ತೋರುಬೆರಳಿಗೆ ಶೇಕಡಾ 14

2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಮನುಷ್ಯದೇಹದ ಬೆಲೆಪಟ್ಟಿಯೊಂದಿತ್ತು. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೆ ಅಥವಾ ಕಿರುಬೆರಳಿಗೆ 7. ಮೂಳೆ ಉಳಿದು ತೋರುಬೆರಳ ತುದಿಯಷ್ಟೇ ಕತ್ತರಿಸಿ ಹೋಗಿದ್ದರೆ 5. ಏಕಲವ್ಯನಿಂದ ದ್ರೋಣರು ಕೇಳಿ ಪಡೆದದ್ದು ಯಾವ ಬೆರಳೆಂಬುದನ್ನು ನೆನೆದರೆ, ಪಟ್ಟಿ ಬರೆದವರಿಗೆ ಕೈಗೆಲಸದ ಪರಿಚಯ ಇತ್ತೆಂದೇ ಹೇಳಬೇಕು. ತಿಂಗಳಿಗೆ 15,000 ರೂಪಾಯಿ ಎಂದು 2020ರಲ್ಲಿ ನಿಗದಿಯಾದ ವೇತನಮಿತಿಯನ್ನು ಹಿಡಿದು ಲೆಕ್ಕ ಹಾಕಿದರೆ, 30 ವರ್ಷದ ಬಡಗಿಯೊಬ್ಬನ ತೋರುಬೆರಳಿಗೆ ಸುಮಾರು 2 ಲಕ್ಷ 62 ಸಾವಿರ ರೂಪಾಯಿ ಬರುತ್ತಿತ್ತು.

ಈ ಪಟ್ಟಿಯನ್ನು ಮೊದಲ ಸಲ ಓದಿದವರಿಗೆ ಮೈ ಜುಮ್ಮೆನ್ನುವುದು ಸಹಜ. ಆದರೆ ಬೆರಳಿಗೆ ಬೆಲೆಯೇ ಇಲ್ಲದಿದ್ದ ಕಾಲವೊಂದಿತ್ತು, ಅದು ಇದಕ್ಕಿಂತ ಕ್ರೂರವಾಗಿತ್ತು.

ಕೈಗರಗಸಕ್ಕೆ ಕೈಯೇ ಚಾಲಕಶಕ್ತಿ. ಕೈ ನಿಂತರೆ ಗರಗಸವೂ ನಿಲ್ಲುತ್ತದೆ. ಗಾಯವಾದರೂ ಅದು ಸಾಮಾನ್ಯವಾಗಿ ಒಂದು ಎಳೆತದಷ್ಟೇ ಆಳ. 1777ರಲ್ಲಿ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ದುಂಡು ಅಲಗಿನ ಗರಗಸ ಕಾಣಿಸಿಕೊಂಡಿತು. ಮುಂದಿನ ಶತಮಾನದ ಆರಂಭದಲ್ಲಿ ಅದು ಉಗಿಯಂತ್ರದ ಪಟ್ಟಿಗೆ ಕಟ್ಟಿಕೊಂಡು ಬ್ರಿಟನ್ನಿನ ನೌಕಾಂಗಣಗಳಲ್ಲಿ ತಿರುಗತೊಡಗಿತು. ಆಗ ಚಾಲಕಶಕ್ತಿ ಬಡಗಿಯ ತೋಳನ್ನು ಬಿಟ್ಟು ಹೊರಗೆ ಹೋಯಿತು. ಕೈ ಎಲ್ಲಿದೆಯೆಂಬುದು ಆ ಯಂತ್ರಕ್ಕೆ ತಿಳಿಯದು.

ಗಾಯಗೊಂಡವನಿಗೆ ಕಾನೂನು ಏನು ಹೇಳಿತು? 1837ರ ಪ್ರೀಸ್ಟ್ಲಿ ಮತ್ತು ಫೌಲರ್ ಮೊಕದ್ದಮೆಯಲ್ಲಿ ಕಟುಕನೊಬ್ಬನ ಅಂಗಡಿಯ ಆಳು, ಮಿತಿಮೀರಿ ಹೇರಿದ ಗಾಡಿ ಮುರಿದು ಬಿದ್ದು ತೊಡೆ ಮುರಿದುಕೊಂಡಿದ್ದ. ಅಪಾಯ ಕಂಡರೆ ಕೆಲಸ ನಿರಾಕರಿಸುವ ಸ್ವಾತಂತ್ರ್ಯ ಆಳಿಗೆ ಇತ್ತಲ್ಲ ಎಂದು ಲಾರ್ಡ್ ಆಬಿಂಜರ್ ನ್ಯಾಯಪೀಠದಿಂದ ವಾದಿಸಿದರು. ಆ ತೀರ್ಪಿನಿಂದ ಬೆಳೆದ ತತ್ತ್ವವು ಮುಂದಿನ ಹಲವು ದಶಕಗಳ ಕಾಲ ಕಾರ್ಖಾನೆಯ ಕಾರ್ಮಿಕನ ಬಾಯಿ ಕಟ್ಟಿತು. ಹಸಿದವನಿಗೆ ಕೆಲಸ ನಿರಾಕರಿಸುವ ಸ್ವಾತಂತ್ರ್ಯವಿದೆ ಎನ್ನಲು ನ್ಯಾಯಾಧೀಶನೇ ಆಗಿರಬೇಕೇನೋ.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ ಕಾದಂಬರಿಯನ್ನು ಉಪಯೋಗವಾದದ ವಿಡಂಬನೆಯೆಂದು ಓದಿ ಮುಗಿಸುತ್ತೇವೆ. ಆ ಪುಸ್ತಕದ ಅಂಚಿನಲ್ಲೊಂದು ತೋಳು ಕತ್ತರಿಸಿ ಬಿದ್ದಿದೆ. ಬೇಲಿಯಿಲ್ಲದ ಯಂತ್ರಕ್ಕೆ ಸಿಕ್ಕಿ ರೇಚಲಳ ಪುಟ್ಟ ತಂಗಿ ತೋಳು ಕಳೆದುಕೊಂಡ ಪ್ರಸಂಗವನ್ನು ಡಿಕನ್ಸ್ ಬರೆದಿದ್ದ. ಅಚ್ಚಿಗೆ ಹೋಗುವ ಮುನ್ನ ತೆಗೆದುಹಾಕಿದ. ಅದೇ 1854ರಲ್ಲಿ ಅವನ ಪತ್ರಿಕೆ ‘ಹೌಸ್‌ಹೋಲ್ಡ್ ವರ್ಡ್ಸ್’ ಕಾರ್ಖಾನೆಯ ಅಪಘಾತಗಳ ಬಗ್ಗೆ ಹೆನ್ರಿ ಮಾರ್ಲಿಯ ಲೇಖನವನ್ನು ಪ್ರಕಟಿಸಿತು. ತಿರುಗುವ ಯಂತ್ರಭಾಗಗಳಿಗೆ ಬೇಲಿ ಹಾಕಬೇಕೆಂಬ ನಿಯಮ 1844ರಿಂದಲೇ ಜವಳಿ ಗಿರಣಿಗಳಿಗೆ ಇತ್ತು. ತಲೆಯ ಮೇಲೆ ಏಳು ಅಡಿಗಿಂತ ಎತ್ತರದಲ್ಲಿ ತಿರುಗುವ ದಂಡಗಳಿಗೂ ಅದು ಅನ್ವಯಿಸುತ್ತದೆಂದು ಕಾರ್ಖಾನೆ ಇನ್‌ಸ್ಪೆಕ್ಟರ್ ಲೆನರ್ಡ್ ಹಾರ್ನರ್ ಹಿಡಿದ ಪಟ್ಟು ಗಿರಣಿ ಮಾಲೀಕರನ್ನು ಕೆರಳಿಸಿತು. 1855ರಲ್ಲಿ ಅವರು ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದರು. ಅದು ಕಾರ್ಮಿಕರ ಅಂಗ ಕತ್ತರಿಸುವ ಹಕ್ಕನ್ನು ಕಾಯುವ ಸಂಘವೆಂದು ಡಿಕನ್ಸ್‌ನ ಪತ್ರಿಕೆ ಗೇಲಿ ಮಾಡಿತು.

ಮಾಲೀಕರ ಪರವಾಗಿ ಲೇಖನಿ ಹಿಡಿದವರು ಹ್ಯಾರಿಯೆಟ್ ಮಾರ್ಟಿನೋ. ಗುಲಾಮಗಿರಿಯ ವಿರುದ್ಧ ದಿಟ್ಟವಾಗಿ ಬರೆದ ಮಹಿಳೆ ಆಕೆ. ಹಣಕ್ಕಾಗಿ ಬರೆದವರೆಂದು ತಳ್ಳಿಹಾಕುವುದು ಅನ್ಯಾಯ. ಅಪಘಾತಗಳಿಗೆ ಕಾರ್ಮಿಕರ ಅಜಾಗರೂಕತೆಯೇ ಮುಖ್ಯ ಕಾರಣ, ಸರ್ಕಾರ ನಡುವೆ ತಲೆಹಾಕಬಾರದು ಎಂಬುದು ಅವರ ಪ್ರಾಮಾಣಿಕ ನಂಬಿಕೆಯಾಗಿತ್ತು. 1856ರ ಕಾಯ್ದೆ ಬೇಲಿಯ ನಿಯಮವನ್ನು ಸಡಿಲಿಸಿತು. ಸಾಮಿಲ್ಲುಗಳ ಮಾತಂತೂ ಈ ಇಡೀ ಜಗಳದಲ್ಲಿ ಬರಲೇ ಇಲ್ಲ. ಆ ಕಾಯ್ದೆಯ ಬಾಗಿಲು ಜವಳಿಗೆ ಮಾತ್ರ ತೆರೆದಿತ್ತು.

ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಬೇಕೆಂಬ ವಿಚಾರವನ್ನು 1884ರಲ್ಲಿ ಬಿಸ್ಮಾರ್ಕನ ಜರ್ಮನಿ ಕಾನೂನಾಗಿಸಿತು, 1897ರಲ್ಲಿ ಬ್ರಿಟನ್ ಅದರ ಹಾದಿ ಹಿಡಿಯಿತು. ಮಿಲ್ಲರನ ಪೇಟೆಂಟಿನಿಂದ ಲೆಕ್ಕ ಹಾಕಿದರೆ ಸರಿಯಾಗಿ 120 ವರ್ಷ. ಬೆರಳಿನ ಖರ್ಚು ಮಾಲೀಕನ ಲೆಕ್ಕದ ಪುಸ್ತಕಕ್ಕೆ ಬಂದಮೇಲೆ ಯಂತ್ರದ ರೂಪವೂ ಬದಲಾಗತೊಡಗಿತು. 1922ರಲ್ಲಿ ಬ್ರಿಟನ್ ಮರಗೆಲಸದ ಯಂತ್ರಗಳಿಗೆಂದೇ ಪ್ರತ್ಯೇಕ ನಿಯಮಾವಳಿ ತಂದಿತು. ಅದು ಕಡ್ಡಾಯಗೊಳಿಸಿದ ಸಾಧನಗಳಲ್ಲೊಂದು ಅಲಗಿನ ಹಿಂದೆ ನಿಲ್ಲುವ ಒಂದು ಉಕ್ಕಿನ ತಗಡು.

ಈ ತಗಡಿನ ಕೆಲಸ ತಿಳಿಯಬೇಕಾದರೆ ಗರಗಸದ ಸ್ವಭಾವ ತಿಳಿಯಬೇಕು. ಮೇಜಿನ ಮೇಲೆ ಅರ್ಧ ಎದ್ದಿರುವ ದುಂಡು ಅಲಗಿನ ಮುಂದಿನ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತ ಕೊಯ್ಯುತ್ತವೆ. ಹಿಂದಿನ ಹಲ್ಲುಗಳು ಮೇಲಕ್ಕೇಳುತ್ತಿರುತ್ತವೆ. ಹಸಿಮರವಾಗಲಿ ಒಳಬಿಗಿತವಿರುವ ಹಲಗೆಯಾಗಲಿ ಕೊಯ್ದ ಕೂಡಲೇ ಆ ಸೀಳು ಮತ್ತೆ ಮುಚ್ಚಿಕೊಳ್ಳಲು ಹವಣಿಸಿ ಅಲಗಿನ ಹಿಂಭಾಗವನ್ನು ಹಿಡಿಯುತ್ತದೆ. ಆಗ ಏಳುತ್ತಿರುವ ಹಲ್ಲುಗಳು ಇಡೀ ಹಲಗೆಯನ್ನು ಎತ್ತಿ ಬಡಗಿಯ ಹೊಟ್ಟೆಯ ಕಡೆಗೆ ಎಸೆಯುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹಲಗೆಯನ್ನು ಒತ್ತಿ ಹಿಡಿದಿದ್ದ ಕೈ, ಆಧಾರ ತಪ್ಪಿ ಅಲಗಿನ ಮೇಲೆ ಬೀಳುತ್ತದೆ. ಹೀಗಾಗಿ ಬೆರಳು ಹೋದ ಎಷ್ಟೋ ಬಡಗಿಗಳು ಕೈಯನ್ನು ಅಲಗಿನ ಹತ್ತಿರ ಒಯ್ದವರೇ ಅಲ್ಲ. ಅಜಾಗರೂಕತೆಯೆಂಬ ಮಾರ್ಟಿನೋ ಅವರ ಪದ ಇಲ್ಲಿ ನಿಲ್ಲುವುದಿಲ್ಲ. ಸೀಳು ಮುಚ್ಚಿಕೊಳ್ಳದಂತೆ ನಡುವೆ ನಿಲ್ಲುವ ಆ ತಗಡು ಇಷ್ಟನ್ನೂ ತಡೆಯುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ಗಣಿತವೂ ಬೇಡ.

ಗಣಿತ ಬೇಕಾದದ್ದು 1999ರಲ್ಲಿ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪೇಟೆಂಟ್ ವಕೀಲಿಕೆ ನಡೆಸುತ್ತಿದ್ದ ಅಮೆರಿಕದ ಸ್ಟೀಫನ್ ಗ್ಯಾಸ್, ಅಲಗಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಹರಿಸಿ, ಮನುಷ್ಯಚರ್ಮ ತಗುಲಿದೊಡನೆ ಆಗುವ ಬದಲಾವಣೆಯನ್ನು ಗುರುತಿಸುವ ಉಪಾಯ ಕಂಡುಹಿಡಿದರು. ಬದಲಾವಣೆ ಕಂಡೊಡನೆ ಅಲ್ಯುಮಿನಿಯಮ್ಮಿನ ತುಂಡೊಂದು ಹಲ್ಲುಗಳಿಗೆ ಚಿಮ್ಮಿ ಕಚ್ಚಿಕೊಳ್ಳುತ್ತದೆ. ಸೆಕೆಂಡಿನ ಸಾವಿರದ ಐದು ಭಾಗದೊಳಗೆ ಅಲಗು ನಿಂತು ಮೇಜಿನ ಕೆಳಗೆ ಇಳಿಯುತ್ತದೆ. ಪ್ರದರ್ಶನಗಳಲ್ಲಿ ಅವರು ಬೆರಳಿನ ಬದಲು ಹಾಟ್‌ಡಾಗ್ ಬಳಸುತ್ತಿದ್ದರು. ಅದರ ಮೇಲೆ ಉಳಿಯುತ್ತಿದ್ದದ್ದು ಒಂದು ಗೀರು. ದೊಡ್ಡ ತಯಾರಕರು ಯಾರೂ ಕೊಳ್ಳಲಿಲ್ಲ. ಗ್ಯಾಸ್ ತಾವೇ ಸಾಸ್ಟಾಪ್ ಎಂಬ ಹೆಸರಿನಲ್ಲಿ ಗರಗಸ ಮಾಡಿ ಮಾರತೊಡಗಿದರು. ಅದಕ್ಕೂ ಮೊದಲೇ 2003ರಲ್ಲಿ ಈ ಬಗೆಯ ರಕ್ಷಣೆಯನ್ನು ಕಡ್ಡಾಯಗೊಳಿಸಬೇಕೆಂದು ಸರ್ಕಾರಿ ಆಯೋಗಕ್ಕೆ ಮನವಿ ಕೊಟ್ಟರು. 2010ರಲ್ಲಿ ಬಾಸ್ಟನ್ನಿನ ನ್ಯಾಯಾಲಯವೊಂದರ ಜ್ಯೂರಿ, ಇಂಥ ರಕ್ಷಣೆಯಿಲ್ಲದ ಗರಗಸದಿಂದ ಗಾಯಗೊಂಡವನಿಗೆ ತಯಾರಕರು 15 ಲಕ್ಷ ಡಾಲರ್ ಕೊಡಬೇಕೆಂದಿತು. ಪೇಟೆಂಟು ಕೈಯಲ್ಲಿ ಹಿಡಿದು ಕಡ್ಡಾಯ ಮಾಡಿ ಎಂದು ಕೇಳುವವನ ಬಗ್ಗೆ ತಯಾರಕರಿಗಿದ್ದ ಅನುಮಾನವನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಆ ಆಕ್ಷೇಪಕ್ಕೆ ಉತ್ತರವೆಂಬಂತೆ, ನಿಯಮ ಜಾರಿಗೆ ಬಂದರೆ ಮುಖ್ಯ ಪೇಟೆಂಟೊಂದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದಾಗಿ ಆ ಸಂಸ್ಥೆ 2024ರಲ್ಲಿ ಘೋಷಿಸಿತು.

ನಮ್ಮಲ್ಲಿ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೆಯ ಸೆಕ್ಷನ್ ಅಪಾಯಕಾರಿ ಯಂತ್ರಭಾಗಗಳಿಗೆಲ್ಲ ಬೇಲಿ ಕಡ್ಡಾಯವೆನ್ನುತ್ತಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಮಂದಿ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆಯಾಗಿತ್ತು; 2020ರ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ದಿಲ್ಲಿಯ ಕೀರ್ತಿನಗರದ ಪೀಠೋಪಕರಣದ ಗಲ್ಲಿಗಳಲ್ಲಿ ನಡೆದವರಿಗೆ ನಾಲ್ಕೈದು ಜನ ದುಡಿಯುವ ಅಂಗಡಿಗಳು ಎಷ್ಟಿವೆಯೆಂದು ಹೇಳಬೇಕಾಗಿಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ವಾರ್ಡ್‌ರೋಬ್ ಮಾಡುವವರ ಸ್ಥಿತಿ ಇನ್ನೂ ಬಿಗಡಾಯಿಸಿದ್ದು. ಕಲ್ಲು ಕೊಯ್ಯುವ ಮಾರ್ಬಲ್ ಕಟರಿಗೆ ಮರದ ಅಲಗು ಸಿಕ್ಕಿಸಿ, ಅದನ್ನು ಪ್ಲೈವುಡ್ಡಿನ ತುಂಡಿನಡಿ ತಲೆಕೆಳಗಾಗಿ ಬಿಗಿದು, ಸ್ವಿಚ್ಚನ್ನು ಸದಾ ಒತ್ತಿರುವಂತೆ ಟೇಪು ಸುತ್ತಿದರೆ ಮೇಜುಗರಗಸ ಸಿದ್ಧ. ಗಾರ್ಡು ಬಿಚ್ಚಿ ಮೂಲೆಗೆ ಬಿದ್ದಿರುತ್ತದೆ; ಅದಿದ್ದರೆ ಗೆರೆ ಕಾಣುವುದಿಲ್ಲ, ಕೂಲಿ ಚದರಡಿ ಲೆಕ್ಕದ್ದು.

ಅನುಸೂಚಿಯ ಬೆಲೆಪಟ್ಟಿ ಈ ಬಡಗಿಗೆ ಸಿಗುತ್ತಿತ್ತೇ? ಕಾಯ್ದೆಯ 3ನೆಯ ಸೆಕ್ಷನ್ನಿನ ಪ್ರಕಾರ, ಸುರಕ್ಷತೆಗಾಗಿ ಒದಗಿಸಿದ್ದೆಂದು ತಿಳಿದೂ ಕಾರ್ಮಿಕ ಬೇಕೆಂದೇ ಗಾರ್ಡು ತೆಗೆದಿದ್ದರಿಂದಾದ ಗಾಯಕ್ಕೆ, ಸಾವೋ ಶಾಶ್ವತ ಪೂರ್ಣ ಅಂಗವೈಕಲ್ಯವೋ ಆಗದ ಹೊರತು, ಮಾಲೀಕನ ಹೊಣೆಯಿರಲಿಲ್ಲ. ಬೆರಳು ಹೋಗುವುದು ಪೂರ್ಣ ಅಂಗವೈಕಲ್ಯವಲ್ಲ. ಕೆಲಸ ಮಾಡಿಸಿಕೊಂಡವರ ಮೇಲೆ ಹೊಣೆ ಹೊರಿಸುವ 12ನೆಯ ಸೆಕ್ಷನ್ ಇತ್ತು. ಆದರೆ ಆ ಕೆಲಸ ಅವರ ವ್ಯಾಪಾರ ಅಥವಾ ವ್ಯವಹಾರದ ಭಾಗವಾಗಿರಬೇಕಿತ್ತು. ತನ್ನ ಮಲಗುವ ಕೋಣೆಗೆ ವಾರ್ಡ್‌ರೋಬ್ ಮಾಡಿಸುವವನದು ವ್ಯಾಪಾರವಲ್ಲ. ಉಳಿದವನು ಕಂಟ್ರಾಕ್ಟರ್. ಆ ಬಡಗಿ ತನ್ನ ಬಳಿ ದುಡಿಯುತ್ತಿದ್ದನೆಂಬುದಕ್ಕೆ ಅವನಲ್ಲಿ ಸಾಮಾನ್ಯವಾಗಿ ಒಂದು ಚೀಟಿಯೂ ಇರುವುದಿಲ್ಲ.