ಹಸಿದವರ ಪಾಲಿನ ಅಳತೆ

ಮದೀನಾದ ಮಸ್ಜಿದುನ್ನಬವಿಯ ಹಿಂಬದಿಯಲ್ಲಿ ನೆರಳಿನ ಒಂದು ಜಾಗವಿತ್ತು. ಅದೇ ಸುಫ್ಫಾ. ಮನೆ, ಬಂಧುಬಳಗ ಬಿಟ್ಟು ಬಂದು ಎಲ್ಲೂ ನೆಲೆ ಸಿಗದವರು ಅಲ್ಲಿ ಮಲಗುತ್ತಿದ್ದರು. ಹಝ್ರತ್ ಅಬೂ ಹುರೈರಾ(ರ) ಅವರಲ್ಲೊಬ್ಬರು. ಇಬ್ಬರಿಗಾಗುವಷ್ಟು ಊಟ ಇರುವವರು ಇವರಲ್ಲೊಬ್ಬರನ್ನು ಮೂರನೆಯವರಾಗಿ ಕರೆದೊಯ್ಯಲಿ ಎಂದು ಪ್ರವಾದಿ(ಸ) ಹೇಳಿದ್ದರು. ಅನ್ಸಾರ್‌ಗಳು ತೋಟದ ಖರ್ಜೂರದ ಗೊನೆಗಳನ್ನು ತಂದು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಹಸಿದವರು ಕೋಲಿನಿಂದ ತಟ್ಟಿ, ಉದುರಿದ್ದನ್ನು ತಿನ್ನುತ್ತಿದ್ದರು.

ಆದರೆ ಕೆಲವರು ಕೆಟ್ಟುಹೋದ, ಮುರಿದ ಗೊನೆಗಳನ್ನು ತಂದು ಕಟ್ಟುತ್ತಿದ್ದರು. ಅಲ್ ಬಕರಃ ಅಧ್ಯಾಯದ 267ನೇ ಸೂಕ್ತ ಅವತೀರ್ಣವಾದುದು ಇದೇ ಹಿನ್ನೆಲೆಯಲ್ಲಿ ಎಂದು ಬರಾ ಬಿನ್ ಆಝಿಬ್(ರ) ವರದಿ ಮಾಡಿದ್ದಾರೆ. ನಮಗೇ ಕೊಟ್ಟರೆ ಕಣ್ಣುಮುಚ್ಚಿ ಸಹಿಸಿಕೊಂಡು ಪಡೆಯಬೇಕಾದಂಥದ್ದನ್ನು ದಾನಕ್ಕೆ ಆರಿಸಬೇಡಿ ಎಂಬುದು ಅದರ ಸಾರ. ಮದುವೆಯಲ್ಲಿ ಮಿಕ್ಕ ಬಿರಿಯಾನಿ ಹಳಸುವ ಹೊತ್ತಿಗೆ ಬಡವರನ್ನು ನೆನೆಯುವ ನಾವು ಈ ಸೂಕ್ತವನ್ನು ಮತ್ತೊಮ್ಮೆ ಓದಬೇಕು.

ದಾನಿಯ ಮನಸ್ಸು ಇಂದು ಒಂದು ತೆರ, ನಾಳೆ ಒಂದು ತೆರ. ಹಸಿವಿಗೆ ಅಂಥ ಬಿಡುವಿಲ್ಲ. ಅನ್ನವನ್ನು ಮನಸ್ಸಿನಿಂದ ಬಿಡಿಸಿ ಆದಾಯಕ್ಕೆ ಕಟ್ಟಿಹಾಕಿದ್ದು ವಕ್ಫ್. ಜೆರುಸಲೇಮಿನ ಖಾಸ್ಕಿ ಸುಲ್ತಾನ್ ತಕಿಯ್ಯ ಇದಕ್ಕೆ ಉತ್ತಮ ನಿದರ್ಶನ. ಉಸ್ಮಾನೀ ಸುಲ್ತಾನ್ ಸುಲೈಮಾನರ ಪತ್ನಿ ಹುರ್ರೆಮ್ ಇದನ್ನು 1552ರಲ್ಲಿ ಸ್ಥಾಪಿಸಿದರು. ಮಸೀದಿ, ಯಾತ್ರಿಕರಿಗೆ 55 ಕೋಣೆಗಳು, ಪಕ್ಕದಲ್ಲೇ ದೊಡ್ಡ ಅಡುಗೆಮನೆ. ಖರ್ಚಿಗೆಂದು ರಮ್ಲಾ, ಲುದ್ದ್ ಸುತ್ತಲಿನ ಹಳ್ಳಿಗಳ ಉತ್ಪನ್ನವನ್ನೂ ಟ್ರಿಪೋಲಿ ಕಡೆಯ ಆಸ್ತಿಗಳನ್ನೂ ಬಿಟ್ಟುಕೊಡಲಾಗಿತ್ತು.

ನಮ್ಮನ್ನು ಹಿಡಿದು ನಿಲ್ಲಿಸುವುದು ಅದರ ವಕ್ಫ್ ಪತ್ರ. ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿನುಚ್ಚಿನ ಗಂಜಿ, ಜೊತೆಗೆ ರೊಟ್ಟಿ. ಶುಕ್ರವಾರ ರಾತ್ರಿ ಮತ್ತು ರಮಝಾನಿನಲ್ಲಿ ಮಾಂಸದನ್ನ, ಕೇಸರಿ ಹಾಕಿದ ಸಿಹಿಯನ್ನ. ಒಬ್ಬೊಬ್ಬರಿಗೆ ಎಷ್ಟು ಸೌಟು, ಎಷ್ಟು ರೊಟ್ಟಿ ಎಂಬುದೂ ಬರೆದಿದೆ. ಯಾತ್ರಿಕರು, ನೌಕರರಲ್ಲದೆ 400 ಬಡವರಿಗೆ ಊಟ ನಿಗದಿಯಾಗಿತ್ತು. ಅಡುಗೆಯವರು, ರೊಟ್ಟಿ ಸುಡುವವರು, ಧಾನ್ಯ ಹಸನು ಮಾಡುವವರು, ಪಾತ್ರೆ ತೊಳೆಯುವವರು, ಲೆಕ್ಕ ಬರೆಯುವವರು ಎಲ್ಲರಿಗೂ ಸಂಬಳವಿತ್ತು.

ಎಲ್ಲವೂ ನ್ಯಾಯವಾಗಿತ್ತು ಎನ್ನಲಾರೆವು. ಊಟದ ಸರದಿಯಲ್ಲಿ ನೌಕರರು ಮತ್ತು ಕೋಣೆವಾಸಿಗಳ ನಂತರವೇ ಬಡವರು. ನೌಕರರಿಗೆ ಎರಡು ರೊಟ್ಟಿ, ಬಡವರಿಗೆ ಒಂದು. ಆ ಗಂಜಿಯ ಗೋಧಿ ರೈತರ ಬೆವರಿನದು ಎಂಬುದನ್ನೂ ಮರೆಯಬಾರದು. ಆದರೂ ಆ ಒಂದು ರೊಟ್ಟಿ ಬಡವನಿಗೆ ಬರೆದಿಟ್ಟ ಪಾಲಾಗಿತ್ತು, ಮಿಕ್ಕದ್ದಾಗಿರಲಿಲ್ಲ. ರಮಝಾನ್ ಮುಗಿದೊಡನೆ ಒಲೆ ಆರಿಸುವ ನಮ್ಮ ಜಮಾಅತ್‌ಗಳು ಒಂದು ಅಂಗಡಿಯ ಬಾಡಿಗೆಯನ್ನಾದರೂ ಊಟಕ್ಕೆಂದು ಮೀಸಲಿಟ್ಟಿವೆಯೇ ಎಂದು ಕೇಳಿಕೊಳ್ಳಬಹುದು.

ಉಸ್ಮಾನೀ ಆಡಳಿತ ಹೋಯಿತು, ಬ್ರಿಟಿಷರು ಬಂದು ಹೋದರು, ಜೋರ್ಡಾನಿನ ಆಳ್ವಿಕೆಯೂ ಕೊನೆಗೊಂಡಿತು. 1967ರಿಂದ ಆ ನಗರ ಇಸ್ರೇಲಿನ ವಶದಲ್ಲಿದೆ. ಮಸ್ಜಿದುಲ್ ಅಕ್ಸಾದಿಂದ ತುಸು ದೂರದ ಓಣಿಯಲ್ಲಿರುವ ಆ ಅಡುಗೆಮನೆಗೆ ಜನ ಇಂದಿಗೂ ಪಾತ್ರೆ ಹಿಡಿದು ಬರುತ್ತಾರೆ, ರಮಝಾನಿನಲ್ಲಿ ಇನ್ನೂ ಹೆಚ್ಚು.