ಹೆಸರಿಲ್ಲದ ಪಿಸ್ತೂಲಿನ ಪರೀಕ್ಷೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಟೆಕ್ಸಾಸಿನಿಂದ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾನೆ. ಚಚಡಿಯಲ್ಲಿ ಹುಟ್ಟಿ, ನಮ್ಮ ಪ್ರೌಢಶಾಲೆಯಲ್ಲಿ ಕಲಿತು, ಎನ್.ಸಿ.ಸಿ.ಯಲ್ಲಿ ನನ್ನ ಕೈಕೆಳಗೆ .22 ರೈಫಲ್ಲಿನಿಂದ ಮೊದಲ ಐದು ಗುಂಡು ಹಾರಿಸಿದ ಹುಡುಗ ಅವನು. ಈಗ ತಲೆ ನರೆತಿದೆ. ಶನಿವಾರಗಳಂದು ಪಿಸ್ತೂಲು ಸ್ಪರ್ಧೆಗಳಿಗೆ ಹೋಗುತ್ತಾನಂತೆ. ಸ್ಲೊವಾಕಿಯಾ ದೇಶದ 'ಗ್ರ್ಯಾಂಡ್ ಪವರ್ ಕೆ-100' ಎಂಬ ಪಾಲಿಮರ್ ಪಿಸ್ತೂಲನ್ನು ಕೊಳ್ಳುವ ಮನಸ್ಸಾಗಿದೆ, ಆದರೆ ಜೊತೆಯವರು 'ಹೆಸರೇ ಕೇಳದ ಪ್ಲಾಸ್ಟಿಕ್ ಸಾಮಾನು' ಎಂದು ನಗುತ್ತಾರೆ, 'ಸರ್, ನೀವೇನಂತೀರಿ?' ಎಂದು ಕೇಳಿದ್ದಾನೆ. ವಿಜ್ಞಾನ ಕಲಿಸಿ, ಎನ್.ಸಿ.ಸಿ. ನೋಡಿಕೊಂಡು, ನಿವೃತ್ತಿಯ ನಂತರ ಇತಿಹಾಸದ ಪುಸ್ತಕಗಳಲ್ಲಿ ಮುಳುಗಿರುವ ನನಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವ ಮನಸ್ಸಾಗದು. ಅವನೊಬ್ಬನಿಗೇ ಬರೆಯುವ ಬದಲು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 'ಪ್ಲಾಸ್ಟಿಕ್' ಎಂಬ ಮಾತನ್ನು ನೋಡೋಣ. ಪಿಸ್ತೂಲಿನ ಚೌಕಟ್ಟನ್ನು, ಅಂದರೆ ಹಿಡಿಯಿರುವ ಕೆಳಭಾಗವನ್ನು, ಕೃತಕ ವಸ್ತುವಿನಿಂದ ಮಾಡುವ ಪ್ರಯತ್ನವನ್ನು ಕಾರ್ಯರೂಪಕ್ಕೆ ತಂದವರು ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿಯವರು. ಅವರ ವಿಪಿ-70 ಎಂಬುದು 1970ರಲ್ಲಿ ಬಂದಿತು. ಅದು ಹೆಚ್ಚು ಪ್ರಚಾರ ಪಡೆಯಲಿಲ್ಲ. ಪ್ರಚಾರ ದೊರೆತದ್ದು 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೈನ್ಯ ಗ್ಲಾಕ್-17 ಪಿಸ್ತೂಲನ್ನು ಆರಿಸಿಕೊಂಡಾಗ. ಅದನ್ನು ರೂಪಿಸಿದ ಗ್ಯಾಸ್ಟನ್ ಗ್ಲಾಕ್ ಅದಕ್ಕೆ ಮೊದಲು ಬಂದೂಕು ಮಾಡಿದವನಲ್ಲ. ಪರದೆಯ ಸರಳುಗಳನ್ನೂ ಸೈನಿಕರ ಚಾಕುಗಳನ್ನೂ ಮಾಡುತ್ತಿದ್ದವನು. ಪಾಲಿಮರಿನ ಗುಣ ಅವನಿಗೆ ತಿಳಿದಿತ್ತು, ಬಂದೂಕಿನ ಸಂಪ್ರದಾಯ ತಿಳಿದಿರಲಿಲ್ಲ. ಈ ಎರಡನೆಯದೂ ಅವನಿಗೆ ಉಪಕಾರವನ್ನೇ ಮಾಡಿತೆಂದು ನನ್ನ ಅಭಿಪ್ರಾಯ.

ಆ ದಿನಗಳಲ್ಲಿ ಅಮೆರಿಕದ ಪತ್ರಿಕೆಗಳು ಗಾಬರಿಯಿಂದ ಬರೆದವು: ಇದು ಪ್ಲಾಸ್ಟಿಕ್ ಪಿಸ್ತೂಲು, ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರಕ್ಕೆ ಕಾಣುವುದೇ ಇಲ್ಲ! ವಾಸ್ತವದಲ್ಲಿ ನಳಿಕೆ, ಮೇಲಿನ ಜಾರುಭಾಗ, ಸ್ಪ್ರಿಂಗುಗಳೆಲ್ಲ ಉಕ್ಕಿನವೇ. ಪಾಲಿಮರಿನ ಚೌಕಟ್ಟಿನೊಳಗೂ ಜಾರುಭಾಗ ಓಡಾಡುವ ಕಡೆ ಉಕ್ಕಿನ ತುಂಡುಗಳನ್ನು ಕೂಡಿಸಿರುತ್ತಾರೆ. ಕೆ-100ರಲ್ಲಂತೂ ಚೌಕಟ್ಟಿನೊಳಗೆ ಉಕ್ಕಿನ ಒಂದು ಒಳಗಟ್ಟೇ ಇದ್ದು, ಕೆಲಸ ಮಾಡುವ ಭಾಗಗಳು ಅದರಲ್ಲಿ ಕೂತಿರುತ್ತವೆ. ನೇಗಿಲಿನ ಈಸು ಮರದ್ದಾದರೂ ಕುಳ ಕಬ್ಬಿಣದ್ದಷ್ಟೆ.

ಎರಡನೆಯ ಮಾತು 'ಹೆಸರಿಲ್ಲದ್ದು' ಎಂಬುದು. ಇದಕ್ಕೆ ಉತ್ತರವಾಗಿ ಕ್ರೊಯೇಷಿಯಾದ ಒಂದು ಪಿಸ್ತೂಲಿನ ಕಥೆ ಹೇಳಬೇಕು. ಯುಗೊಸ್ಲಾವಿಯಾ ಒಡೆದು ಯುದ್ಧ ಆರಂಭವಾದ 1991ರ ವರ್ಷವೇ ಅಲ್ಲಿನವರು ತಮ್ಮದೇ ಒಂದು ಪಿಸ್ತೂಲನ್ನು ಮಾಡಿಕೊಂಡರು. ಅದು ಅವಸರದ ಕೆಲಸ. ಮಾರ್ಕೊ ವುಕೊವಿಚ್ ಎಂಬ ತಂತ್ರಜ್ಞನ ನೇತೃತ್ವದಲ್ಲಿ ಅದನ್ನು ತಿದ್ದುತ್ತ ತಿದ್ದುತ್ತ 1999ರ ಹೊತ್ತಿಗೆ ಎಚ್.ಎಸ್.-2000 ಎಂಬ ಪಾಲಿಮರ್ ಚೌಕಟ್ಟಿನ ಪಿಸ್ತೂಲು ಸಿದ್ಧವಾಯಿತು. ಅದು ಅಮೆರಿಕಕ್ಕೆ ಆಮದಾದಾಗ ಅಗ್ಗದ ಸಾಮಾನಾಗಿಯೇ ಮಾರಾಟವಾಯಿತು. ಕೊಂಡವರು ಮೆಚ್ಚಿದರು, ಕೊಳ್ಳದವರು ನಕ್ಕರು. 2002ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿ ಅದರ ಹಕ್ಕು ಪಡೆದು 'ಎಕ್ಸ್‌.ಡಿ.' ಎಂದು ಹೊಸ ಹೆಸರಿಟ್ಟಿತು. ಕಾರ್ಖಾನೆ ಅದೇ ಕ್ರೊಯೇಷಿಯಾದ ಕಾರ್ಲೊವಾಟ್ಸ್ ಪಟ್ಟಣದ್ದು, ಕೆಲಸಗಾರರೂ ಅವರೇ. ರಾಬ್ ಲೀಥಮ್ ಎಂಬ ಅನೇಕ ಬಾರಿ ವಿಶ್ವ ಚಾಂಪಿಯನ್ ಆದ ಗುರಿಕಾರ ಅದನ್ನು ಹಿಡಿದು ಸ್ಪರ್ಧೆಗಿಳಿದ ಮೇಲೆ ನಗುತ್ತಿದ್ದವರು ಸುಮ್ಮನಾದರು.

ಲೀಥಮ್ ಆ ಕಂಪನಿಯ ತಂಡದವನೇ ಆದುದರಿಂದ ಅವನ ಸಾಕ್ಷ್ಯವನ್ನು ಪೂರ್ತಿ ನಂಬಬೇಕಿಲ್ಲ. ಅಂಥ ಗುರಿಕಾರ ಯಾವ ಪಿಸ್ತೂಲು ಕೊಟ್ಟರೂ ಗೆಲ್ಲುತ್ತಾನೆ. ಆದರೆ ಎಕ್ಸ್‌.ಡಿ.ಯ ಹಿಡಿಯ ಓರೆ ಹಳೆಯ 1911 ಮಾದರಿಯ ಕೋಲ್ಟ್ ಪಿಸ್ತೂಲಿನ ಓರೆಯನ್ನೇ ಹೋಲುತ್ತಿತ್ತು. ಆಯುಷ್ಯವೆಲ್ಲ 1911 ಹಿಡಿದವರಿಗೆ ಅದು ಕೈಗೆ ಒಗ್ಗಿತು. ಅದರ ಕೊರತೆಯೂ ಗೊತ್ತಿದ್ದದ್ದೇ: ನಳಿಕೆ ಕೈಯಿಂದ ಸ್ವಲ್ಪ ಎತ್ತರದಲ್ಲಿ ಕೂತಿರುವುದರಿಂದ ಗುಂಡು ಹಾರಿದಾಗ ಮೂತಿ ಹೆಚ್ಚು ಮೇಲೇಳುತ್ತಿತ್ತು.

ಈಗ ಕೆ-100. ಇದನ್ನು ರೂಪಿಸಿದವನು ಯಾರೊಸ್ಲಾವ್ ಕುರಾಸಿನಾ. ಕಂಪನಿ ಆರಂಭವಾದದ್ದು 2002ರಲ್ಲಿ, ಸ್ಲೊವಾಕಿಯಾದ ಬಾನ್ಸ್ಕಾ ಬಿಸ್ತ್ರಿತ್ಸಾ ಸೀಮೆಯಲ್ಲಿ. ಇದರ ವಿಶೇಷ ನಳಿಕೆಯಲ್ಲಿದೆ. ಸಾಮಾನ್ಯ 9 ಮಿ.ಮೀ. ಪಿಸ್ತೂಲಿನಲ್ಲಿ ಗುಂಡು ಹಾರಿದ ಬಳಿಕ ನಳಿಕೆಯ ಹಿಂತುದಿ ಕೆಳಕ್ಕೆ ಬಾಗಿ ಜಾರುಭಾಗದಿಂದ ಬಿಡಿಸಿಕೊಳ್ಳುತ್ತದೆ. ಇದರಲ್ಲಿ ನಳಿಕೆ ಬಾಗುವುದಿಲ್ಲ, ತನ್ನ ಅಕ್ಷದ ಮೇಲೆಯೇ ಸ್ವಲ್ಪ ತಿರುಗಿ ಬಿಡಿಸಿಕೊಳ್ಳುತ್ತದೆ. ಹೊಸ ಬುದ್ಧಿಯೆಂದು ಭಾವಿಸಬೇಡಿ. 1912ರ ಆಸ್ಟ್ರಿಯಾದ ಸ್ಟೈಯರ್ ಪಿಸ್ತೂಲಿನಲ್ಲಿ ಇದೇ ಉಪಾಯವಿತ್ತು. ಆಗ ಸ್ಲೊವಾಕಿಯಾ ಕೂಡ ಅದೇ ಸಾಮ್ರಾಜ್ಯದ ಭಾಗವಾಗಿತ್ತು.

ಎಕ್ಸ್‌.ಡಿ.ಯ ದಾರಿಯನ್ನೇ ಇದಕ್ಕೂ ತೋರಿಸಲಾಯಿತು. ನಮ್ಮ ಹುಡುಗನಿರುವ ಟೆಕ್ಸಾಸಿನದೇ ಆದ, ಸ್ಪರ್ಧಾ ಪಿಸ್ತೂಲುಗಳಿಗೆ ಹೆಸರಾದ ಎಸ್.ಟಿ.ಐ. ಎಂಬ ಕಂಪನಿ ಅದನ್ನು 'ಜಿ.ಪಿ.-6' ಎಂಬ ಹೆಸರಿನಿಂದ ಕೆಲವು ವರ್ಷ ಮಾರಿತು. ಆದರೆ ಹೆಸರು ಹತ್ತಲಿಲ್ಲ. ಬಳಿಕ ಅದು ಬೇರೆ ಬೇರೆ ಆಮದುದಾರರ ಕೈಗೆ ಹೋಯಿತು. ಎರಡೂ ಪಿಸ್ತೂಲುಗಳು ಪೂರ್ವ ಯೂರೋಪಿನವು, ಎರಡೂ ಚೆನ್ನಾಗಿ ಮಾಡಿದವು, ಎರಡಕ್ಕೂ ಅಮೆರಿಕದ ಹೆಸರು ದೊರೆಯಿತು. ಒಂದು ಮನೆಮಾತಾಯಿತು, ಇನ್ನೊಂದು ಬಲ್ಲವರ ಗುಟ್ಟಾಗಿಯೇ ಉಳಿಯಿತು. ಗುಣದಲ್ಲಿ ಅಷ್ಟು ಅಂತರವಿಲ್ಲ. ಅಂತರವಿದ್ದದ್ದು ಅಂಗಡಿಯಲ್ಲಿ. ಒಂದಕ್ಕೆ ಸೊಂಟದ ಚೀಲ, ಹೆಚ್ಚುವರಿ ಮ್ಯಾಗಜೀನು, ಸ್ಪ್ರಿಂಗು, ಗುರಿಕಣ್ಣು ಎಲ್ಲ ಕಡೆ ಸಿಕ್ಕವು. ಇನ್ನೊಂದಕ್ಕೆ ಹುಡುಕಿ ತರಿಸಬೇಕಾಯಿತು.

ಇನ್ನು ತೂಕದ ಪ್ರಶ್ನೆ. ನೀವೆಲ್ಲ ಒಂಬತ್ತನೆಯ ತರಗತಿಯಲ್ಲಿ ಸಂವೇಗ ಸಂರಕ್ಷಣಾ ನಿಯಮವನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದೊಡನೆ ಮರೆತವರು. ಈಗ ಅದು ಬೇಕಾಗಿದೆ. ಅಮೆರಿಕದಲ್ಲಿ ಅವನು ಆಡುವ ಬಗೆಯ ಸ್ಪರ್ಧೆಯಲ್ಲಿ ಅಂಕಗಳನ್ನು ಸಮಯದಿಂದ ಭಾಗಿಸುತ್ತಾರೆ. ಅಂದರೆ ಗುರಿ ಮಾತ್ರ ಸಾಲದು, ಎರಡನೆಯ ಗುಂಡು ಬೇಗ ಹೊರಡಬೇಕು. ಗುಂಡಿನ ತೂಕ ಮತ್ತು ವೇಗಗಳ ಗುಣಲಬ್ಧಕ್ಕೂ ಒಂದು ಕನಿಷ್ಠ ಮಿತಿ ಇದೆ. ಅವರ ಮಾನದಲ್ಲಿ ಅದು 125. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಹೊರಟರೆ ಆ ಮಿತಿಯನ್ನು ತುಸುವೇ ದಾಟುತ್ತದೆ. ಅದರ ಸಂವೇಗ 2.56. ಸಿಡಿಮದ್ದಿನ ಅನಿಲದ ಪಾಲನ್ನು ಬಿಟ್ಟುಬಿಡೋಣ. ಪಿಸ್ತೂಲಿನ ತೂಕ 0.8 ಕೆ.ಜಿ. ಆದರೆ ಅದು ಹಿಂದಕ್ಕೆ ಸೆಕೆಂಡಿಗೆ 3.2 ಮೀಟರ್ ವೇಗದಲ್ಲಿ ಒದೆಯುತ್ತದೆ. ಶಕ್ತಿ ಸುಮಾರು 4.1 ಜೂಲ್. ಅದೇ ಗುಂಡನ್ನು 1.28 ಕೆ.ಜಿ.ಯ ಉಕ್ಕಿನ ಪಿಸ್ತೂಲಿನಿಂದ ಹಾರಿಸಿದರೆ ವೇಗ 2 ಮೀಟರ್, ಶಕ್ತಿ 2.56 ಜೂಲ್. (1.28 ಎಂಬುದು ಲೆಕ್ಕ ಸುಲಭವಾಗಲೆಂದು ನಾನು ಹಿಡಿದದ್ದು, ಮೇಷ್ಟರ ಚಾಳಿ.)

2016ರಲ್ಲಿ ಬಂದ ಜೆಕ್ ದೇಶದ ಸಿ.ಝಡ್. ಶ್ಯಾಡೊ-2 ಎಂಬ ಉಕ್ಕಿನ ಪಿಸ್ತೂಲು ಸ್ಪರ್ಧಾಳುಗಳ ಅಚ್ಚುಮೆಚ್ಚಾದದ್ದಕ್ಕೆ ಕಾರಣ ಈ ಲೆಕ್ಕದಲ್ಲಿಯೇ ಇದೆ. ಅದರ ತೂಕ ಸುಮಾರು 1.3 ಕೆ.ಜಿ. ಹೀಗಾಗಿ ಪಾಲಿಮರಿನ ಮೇಲೆ ನಿಜವಾದ ಆಕ್ಷೇಪವೊಂದಿದ್ದರೆ ಅದು ಹಗುರವೆಂಬುದು, ಗಟ್ಟಿಯಿಲ್ಲವೆಂಬುದಲ್ಲ. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಪೊಲೀಸನಿಗೆ ಯಾವುದು ವರವೋ ಅದೇ ಗುರಿಕಾರನಿಗೆ ತೊಡಕು. ಕೆ-100ರ ತಿರುಗುವ ನಳಿಕೆ ಒದೆತವನ್ನು ಕಡಿಮೆ ಮಾಡುವುದಿಲ್ಲ. ಸಂವೇಗದ ನಿಯಮಕ್ಕೆ ರಿಯಾಯಿತಿ ಇಲ್ಲ. ಒದೆತ ಕೈಗೆ ತಾಕುವ ಬಗೆ ಬದಲಾಗಿ ಮೃದುವೆನಿಸುತ್ತದೆ ಎಂದು ಬಳಸಿದವರು ಹೇಳುತ್ತಾರೆ. ಅದಷ್ಟನ್ನು ಅವನು ಬಾಡಿಗೆಗೆ ಪಡೆದು ಹಾರಿಸಿಯೇ ತಿಳಿಯಬೇಕು. ಅದರ ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೂ ಭಾರವಾಗಿಯೂ ಎಳೆಯಬೇಕು, ಎರಡನೆಯದಕ್ಕೆ ಹಗುರವಾಗಿ. ಒಂದೇ ಬೆರಳಿಗೆ ಎರಡು ಪಾಠ. ಪತ್ರದಲ್ಲಿ ಅವನು ಬೆಲೆ ಬರೆದಿದ್ದಾನೆ, ಬಣ್ಣ ಬರೆದಿದ್ದಾನೆ, ಟ್ರಿಗರಿನ ಮಾತೇ ಎತ್ತಿಲ್ಲ!

ಇಷ್ಟು ಬರೆದ ಮೇಲೆ ನಮ್ಮ ಸೀಮೆಯ ಮಾತು ಬಾರದೆ ಇರದು. ಇದೇ ಪ್ರಶ್ನೆಯನ್ನು ಚಚಡಿಯಲ್ಲಿಯೋ ಬೈಲಹೊಂಗಲದಲ್ಲಿಯೋ ಇರುವ ಅವನ ತಮ್ಮ ಕೇಳುವಂತಿಲ್ಲ. ಏಕೆಂದರೆ ಆ ಪಿಸ್ತೂಲು ಅವನಿಗೆ ದೊರೆಯುವುದೇ ಇಲ್ಲ. ಬಂದೂಕು ನಮಗೆ ಅಪರಿಚಿತವಾದುದೇನಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ. ಆ ಬಳಿಕ 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾನೂನನ್ನು ತಂದಿತು. ಆಯುಧಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಪಡೆಯಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಕೋವಿ ಕೊಡುವುದೆಂದರೆ ಕೈ ಕಡಿದುಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಇಂದಿಗೂ ಉಳಿದಿದೆ. ಮರುವರ್ಷದ ಮೇ ತಿಂಗಳಿನಲ್ಲಿ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನು ಬ್ರಿಟಿಷರ ಏಜೆಂಟ್ ಮ್ಯಾನ್ಸನ್ನನನ್ನು ಕೊಂದನು. 1878ರಲ್ಲಿ ಆಯುಧ ಕಾನೂನು ದೇಶಕ್ಕೆಲ್ಲ ಬಿಗಿಯಾಯಿತು. ಕೊಡಗಿನವರಿಗೆ ಮಾತ್ರ ಕೋವಿಯ ವಿನಾಯಿತಿ ದೊರೆಯಿತು, ಅದು ಇಂದಿಗೂ ಮುಂದುವರಿದಿದೆ.

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಆ ಪರವಾನಗಿಯ ಪದ್ಧತಿಯನ್ನು ಉಳಿಸಿಕೊಂಡಿತು. ಇದನ್ನು ನಾನು ಆಕ್ಷೇಪಿಸುವವನಲ್ಲ. ಅಮೆರಿಕದ ಶಾಲೆಗಳಲ್ಲಿ ನಡೆಯುವುದನ್ನು ಓದಿದ ಮೇಷ್ಟರು ಯಾರೂ ಆಕ್ಷೇಪಿಸಲಾರರು. ಆದರೆ ಕ್ರೀಡೆಯ ದೃಷ್ಟಿಯಿಂದ ಅದರ ಪರಿಣಾಮವನ್ನು ನೋಡಬೇಕು. ನಮ್ಮಲ್ಲಿ 9 ಮಿ.ಮೀ. ಗಾತ್ರ ಸಾಮಾನ್ಯರಿಗೆ ನಿಷಿದ್ಧ. ಸರಕಾರಿ ಕಾರ್ಖಾನೆಗಳು ನಾಗರಿಕರಿಗಾಗಿ .32 ಗಾತ್ರದ ಪಿಸ್ತೂಲು, ರಿವಾಲ್ವರುಗಳನ್ನು ಮಾಡುತ್ತ ಬಂದವು. ಅವು ಆತ್ಮರಕ್ಷಣೆಗೆ, ಗುರಿಯ ಸ್ಪರ್ಧೆಗಲ್ಲ. 1980ರ ದಶಕದ ನಡುವಿನಿಂದ ಖಾಸಗಿಯವರ ಆಮದು ಬಹುಮಟ್ಟಿಗೆ ನಿಂತಿತು. ಹೊರದೇಶದಿಂದ ತರಿಸುವ ಅವಕಾಶ ಉಳಿದದ್ದು ಮುಖ್ಯವಾಗಿ ಮಾನ್ಯತೆ ಪಡೆದ ಗುರಿಕಾರರಿಗೆ. ಅಂದರೆ ಒಳ್ಳೆಯ ಪಿಸ್ತೂಲು ಬೇಕಾದರೆ ಮೊದಲು ಒಳ್ಳೆಯ ಗುರಿಕಾರನಾಗಬೇಕು, ಒಳ್ಳೆಯ ಗುರಿಕಾರನಾಗಲು ಒಳ್ಳೆಯ ಪಿಸ್ತೂಲು ಬೇಕು!

ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಗಾಳಿ ಪಿಸ್ತೂಲು. 4.5 ಮಿ.ಮೀ. ಗಾತ್ರದ, ಮಿತವಾದ ಶಕ್ತಿಯ ಗಾಳಿ ಪಿಸ್ತೂಲಿಗೆ ಪರವಾನಗಿ ಬೇಡ. 10 ಮೀಟರ್ ಉದ್ದದ ಕೋಣೆಯೊಂದಿದ್ದರೆ ಅಭ್ಯಾಸ ನಡೆಯುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಕಂಚನ್ನೂ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಪಡೆದದ್ದು ಇದರಲ್ಲಿಯೇ. ನಮ್ಮ ರಾಜ್ಯದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್ಪಿನಲ್ಲಿ ಸರಬ್ಜೋತ್ ಸಿಂಗ್ ಅವರೊಡನೆ ಮಿಶ್ರ ತಂಡದ ಚಿನ್ನ ಗೆದ್ದದ್ದೂ ಇದರಲ್ಲಿಯೇ. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.; ಟ್ರಿಗರಿನ ಕನಿಷ್ಠ ಭಾರ 500 ಗ್ರಾಂ, ಪಿಸ್ತೂಲಿನ ಗರಿಷ್ಠ ತೂಕ 1,500 ಗ್ರಾಂ. ಅಲ್ಲಿ ಚೌಕಟ್ಟು ಯಾವುದರಿಂದ ಆಗಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಮೇಲಿನ ಹಂತದಲ್ಲಿ ಬಳಸುವ ಪಿಸ್ತೂಲುಗಳು ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿ, ಜರ್ಮನಿಗಳಿಂದಲೇ ಬರಬೇಕು. ಅವುಗಳ ಬಿಡಿಭಾಗಗಳೂ ಅಲ್ಲಿಂದಲೇ.

ಬಿಡಿಭಾಗದ ಬೆಲೆ ಏನೆಂಬುದನ್ನು ಟೋಕಿಯೊ ತೋರಿಸಿತು. 2021ರ ಜುಲೈ 25ರಂದು ಮನು ಭಾಕರ್ ಅವರ ಪಿಸ್ತೂಲಿನ ಒಂದು ಸಣ್ಣ ಭಾಗ ಸ್ಪರ್ಧೆಯ ನಡುವೆ ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದುಹೋದವು. 575 ಅಂಕ, 12ನೆಯ ಸ್ಥಾನ. ಫೈನಲ್ಲಿಗೆ ಎರಡು ಅಂಕ ಕಡಿಮೆ. ಪ್ರಸಿದ್ಧ ಮಾದರಿಯ, ಪಕ್ಕದಲ್ಲಿಯೇ ದುರಸ್ತಿಯವರಿರುವ ಪಿಸ್ತೂಲಿನ ಗತಿ ಇದು. ಅದೇ ಹುಡುಗಿ 2024ರಲ್ಲಿ ಪ್ಯಾರಿಸಿನಿಂದ ಎರಡು ಕಂಚು ತಂದಳೆಂಬುದು ಸಂತೋಷದ ಮಾತು.

ಆದುದರಿಂದ ಟೆಕ್ಸಾಸಿನ ಶಿಷ್ಯನಿಗೆ ನನ್ನ ಉತ್ತರ ಇಷ್ಟು. ಕೆ-100 ಒಳ್ಳೆಯ ಪಿಸ್ತೂಲು. ಪಾಲಿಮರ್ ಎಂದು ಬಿಡಬೇಡ, ಹೆಸರಿಲ್ಲವೆಂದೂ ಬಿಡಬೇಡ. ಆದರೆ ಹಣ ಕೊಡುವ ಮೊದಲು ಆಮದುದಾರನಿಗೆ ಫೋನು ಮಾಡಿ ಗುಂಡುಮೊಳೆ, ಹೊರಸೆಳೆಯುವ ಕೊಕ್ಕೆ, ಹಿನ್ನೂಕು ಸ್ಪ್ರಿಂಗು, ಈ ಮೂರು ದಾಸ್ತಾನಿನಲ್ಲಿವೆಯೇ ಎಂದು ಕೇಳು. 'ತರಿಸಿಕೊಡುತ್ತೇವೆ' ಎಂದರೆ ಎಷ್ಟು ದಿನವೆಂದು ಕೇಳು. ನಾಲ್ಕು ಹೆಚ್ಚುವರಿ ಮ್ಯಾಗಜೀನುಗಳನ್ನು ಪಿಸ್ತೂಲಿನ ಜೊತೆಗೇ ಕೊಂಡುಬಿಡು. ಮೂರು ಬೇರೆ ಕಂಪನಿಗಳ ಗುಂಡುಗಳನ್ನು ತಲಾ ಇನ್ನೂರರಂತೆ ಹಾರಿಸಿ, ಎಷ್ಟು ಬಾರಿ ಸಿಕ್ಕಿಕೊಂಡಿತೆಂದು ನೋಟುಬುಕ್ಕಿನಲ್ಲಿ ದಿನಾಂಕ ಸಹಿತ ಬರೆ. ಆ ನೋಟುಬುಕ್ಕಿನ ಫೋಟೊ ನನಗೆ ಕಳಿಸು. ಅಕ್ಷರ ಮಾತ್ರ ಹತ್ತನೆಯ ತರಗತಿಯಲ್ಲಿದ್ದುದಕ್ಕಿಂತ ಚೆನ್ನಾಗಿರಲಿ.